ದಿನಬಳಕೆಗೆ ಹಳೇ ಮಾದರಿಯ ಮಡಿಚುಚಾಕು: ಯಾವುದು ಕೊಳ್ಳೋದು, ಮಳೆಗಾಲದಲ್ಲಿ ಹೇಗೆ ಇಟ್ಟುಕೊಳ್ಳೋದು?

ಹೊಸಬ_ಶಿರಸಿ

ಲಾಕ್ ಇಲ್ಲದ ಹಳೇ ಮಾದರಿಯ ಮಡಿಚುಚಾಕು ಒಂದು ಬೇಕು. ಹಣ್ಣು ಹೆಚ್ಚೋದು, ಪಾರ್ಸೆಲ್ ಬಿಚ್ಚೋದು, ಸುತ್ಲಿ ಕತ್ತರಿಸೋದು, ಆಗೀಗ ಗಿಡಕ್ಕೆ ಕಸಿ ಕಟ್ಟೋದು, ಇಷ್ಟೇ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲೂ ಜೇಬಿನಲ್ಲೇ ಇರುತ್ತದೆ. ಕೇಸ್ ಕಂಪನಿಯ ಸ್ಟಾಕ್‌ಮನ್, ವಿಕ್ಟೋರಿನಾಕ್ಸ್ ಆಲಾಕ್ಸ್ (ಅಲ್ಯೂಮಿನಿಯಂ ಹಿಡಿಯದು), ಒಪಿನೆಲ್ ನಂ. 8, ಈ ಮೂರರಲ್ಲಿ ಯಾವುದು? ಕಾರ್ಬನ್ ಉಕ್ಕು ನಮ್ಮ ಹವೆಗೆ ತಡೆಯುತ್ತದಾ? ಮುಂದೆ ಒಂದೆರಡು ಹಳೇ ಚಾಕು ಸಂಗ್ರಹಿಸುವ ಆಸೆಯೂ ಇದೆ.

ಸಾಣೆಕಲ್ಲು

ಮೂರೂ ಒಂದೇ ಜಾತಿಯಲ್ಲ. ಒಪಿನೆಲ್‌ನಲ್ಲಿ ಸ್ಪ್ರಿಂಗೇ ಇಲ್ಲ. ಮರದ ಸೀಳಿನಲ್ಲಿ ಅಲಗು ಬಿಗಿಯಾಗಿ ಕೂತಿರುತ್ತದೆ, ಮೇಲೊಂದು ಉಂಗುರ ತಿರುಗಿ ಅದನ್ನು ಹಿಡಿಯುತ್ತದೆ. ಉಳಿದೆರಡು ಸ್ಲಿಪ್‌ಜಾಯಿಂಟ್. ಹಿಡಿಯ ಬೆನ್ನುದ್ದಕ್ಕೂ ಒಂದು ಉಕ್ಕಿನ ಪಟ್ಟಿ ಇರುತ್ತದೆ, ಅದರ ತುದಿ ಅಲಗಿನ ಬುಡವನ್ನು, ಅಂದರೆ ಟ್ಯಾಂಗನ್ನು, ಯಾವಾಗಲೂ ಒತ್ತುತ್ತಿರುತ್ತದೆ. ತೆರೆದಾಗ ಟ್ಯಾಂಗಿನ ಚಪ್ಪಟೆ ಮುಖ ಸ್ಪ್ರಿಂಗಿಗೆ ತಾಗಿ ನಿಲ್ಲುತ್ತದೆ. ಮಡಿಚಿದಾಗ ಬಾಯಿಯ ಬುಡದಲ್ಲಿರುವ ಸಣ್ಣ ಗುಬುಟು, ಅದಕ್ಕೆ ಕಿಕ್ ಅನ್ನುತ್ತಾರೆ, ಸ್ಪ್ರಿಂಗಿನ ಮೇಲೆ ಕೂತು ಹರಿತವಾದ ಬಾಯಿ ಉಕ್ಕಿಗೆ ತಾಗದಂತೆ ಕೂದಲೆಳೆ ದೂರ ಇಡುತ್ತದೆ. ಈ ಚಾಕುವಿನ ಜೀವ ಇರುವುದೇ ಟ್ಯಾಂಗ್, ಸ್ಪ್ರಿಂಗ್, ಕಿಕ್ ಈ ಮೂರು ಜಾಗದಲ್ಲಿ. ಹಿಡಿಯ ಎಲುಬು ಕೆಂಪೋ ಹಸಿರೋ ಅನ್ನೋದೆಲ್ಲ ಆಮೇಲಿನ ಮಾತು. ಆದರೆ ಹೊಸದಾಗಿ ಕೊಳ್ಳುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಬಣ್ಣ ನೋಡಿಯೇ ಕೊಳ್ಳುತ್ತಾರೆ.

ಕೈಗೆ ಬಂದ ತಕ್ಷಣ ನೋಡಬೇಕಾದ್ದು ಹೀಗೆ. ಮಡಿಚಿ ಬೆಳಕಿಗೆ ಹಿಡಿದು ಸ್ಪ್ರಿಂಗ್ ಮತ್ತು ಲೈನರ್ (ಹಿಡಿಯ ಒಳಪಕ್ಕದ ಲೋಹದ ತಗಡು) ನಡುವೆ ಬೆಳಕು ನುಸುಳುತ್ತದಾ ನೋಡಿ. ಕೂದಲಿನಷ್ಟು ಸಂದಿ ನೋಟಕ್ಕಷ್ಟೇ ಕೊರತೆ, ಉಗುರು ಇಳಿಯುವಷ್ಟಿದ್ದರೆ ವಾಪಸ್ ಕಳಿಸಿ. ತೆರೆದು ಬೆನ್ನಿನ ಮೇಲೆ ಬೆರಳಾಡಿಸಿ: ಸ್ಪ್ರಿಂಗ್ ಲೈನರ್‌ಗೆ ಸಮವಾಗಿರಬೇಕು, ಮಡಿಚಿದಾಗಲೂ ಹಾಗೇ. ಆಮೇಲೆ ಅಲಗನ್ನು ಎರಡು ಬೆರಳಲ್ಲಿ ಹಿಡಿದು ಅಲುಗಾಡಿಸಿ. ಎಡಬಲಕ್ಕೆ ಚೂರು ಅಲುಗಿದರೆ ಗಾಬರಿ ಬೇಡ, ಕೀಲಿನ ಮೊಳೆಯ ತಲೆಯನ್ನು ಹಗುರಾಗಿ ಬಡಿದು ಬಿಗಿ ಮಾಡಬಹುದು. ಮೇಲೆಕೆಳಗೆ ಅಲುಗಿದರೆ ಮಾತ್ರ ಟ್ಯಾಂಗ್‌ನ ಮುಖ ಅಥವಾ ಸ್ಪ್ರಿಂಗ್‌ನ ತುದಿ ಸರಿಯಾಗಿ ಕೂತಿಲ್ಲ ಎಂದರ್ಥ. ಅದನ್ನು ಮನೆಯಲ್ಲಿ ರಿಪೇರಿ ಮಾಡಲಿಕ್ಕಾಗದು.

ತೆರೆಯುವ ಬಿಗಿಗೆ ಸಂಗ್ರಾಹಕರು 1ರಿಂದ 10ರವರೆಗೆ ಅಂಕ ಕೊಡುತ್ತಾರೆ. ದಿನಬಳಕೆಗೆ 5 ಅಥವಾ 6 ಸಾಕು. 8 ದಾಟಿದ್ದು ಉಗುರು ಮುರಿಯುತ್ತದೆ, ಒದ್ದೆ ಕೈಯಲ್ಲಿ ತೆರೆಯಲು ಹೋದರೆ ಜಾರಿ ಬೆರಳು ಕೊಯ್ಯುತ್ತದೆ. 3ಕ್ಕಿಂತ ಕಡಿಮೆ ಇದ್ದರೆ ಜೇಬಿನಲ್ಲೇ ಅರ್ಧ ತೆರೆದುಕೊಳ್ಳುವ ಅಪಾಯ. ಟ್ಯಾಂಗನ್ನು ಚೌಕವಾಗಿ ಕಡೆದಿದ್ದರೆ 90 ಡಿಗ್ರಿಯಲ್ಲೂ ಅಲಗು ಒಮ್ಮೆ ನಿಲ್ಲುತ್ತದೆ, ಅದೇ ಹಾಫ್‌ಸ್ಟಾಪ್. ಮಡಿಚುವಾಗ ಬೆರಳು ತೆಗೆಯಲು ಒಂದು ಅವಕಾಶ ಸಿಗುತ್ತದೆ.

ಮೂರಲಗು

> 90 ಡಿಗ್ರಿಯಲ್ಲೂ ಅಲಗು ಒಮ್ಮೆ ನಿಲ್ಲುತ್ತದೆ

ಇದರಲ್ಲಿ ಎರಡು ಪಂಥ. ಬಿಗಿ ಸ್ಪ್ರಿಂಗ್ ಜೊತೆ ಹಾಫ್‌ಸ್ಟಾಪ್ ಇದ್ದರೆ 90ರಿಂದ ಮುಂದಿನ ಅರ್ಧ ದಾರಿ ಫಟ್ಟನೆ ಮುಚ್ಚುತ್ತದೆ. ದುಂಡು ಟ್ಯಾಂಗ್ ಇದ್ದರೆ ಒಂದೇ ಸಮನೆ ಇಳಿಯುತ್ತದೆ, ಕೈಗೆ ಅಂದಾಜು ಸಿಗುತ್ತದೆ. ವಿಕ್ಟೋರಿನಾಕ್ಸ್‌ನ ಮುಖ್ಯ ಅಲಗಿಗೆ ಹಾಫ್‌ಸ್ಟಾಪ್ ಇಲ್ಲ, ಅದರಿಂದ ಯಾರಿಗೂ ತೊಂದರೆ ಆಗಿಲ್ಲ. ಇದು ಅಭ್ಯಾಸದ ಪ್ರಶ್ನೆ, ಗುಣಮಟ್ಟದ್ದಲ್ಲ.

ಮಾದರಿಯ ಬಗ್ಗೆ: ಸ್ಟಾಕ್‌ಮನ್ ಅಂದರೆ ಮೂರು ಅಲಗು. ಮೊನೆಯುಳ್ಳ ಕ್ಲಿಪ್, ನೇರ ಬಾಯಿಯ ಶೀಪ್ಸ್‌ಫುಟ್, ಮೊಂಡು ತುದಿಯ ಸ್ಪೇ. ಅಮೆರಿಕದ ದನಗಾಹಿಗಳ ಕೆಲಸಕ್ಕೆ ಹುಟ್ಟಿದ್ದು, ಸ್ಪೇ ಅಲಗು ಹೋರಿ ಹಿಡ ಮಾಡಲಿಕ್ಕೆಂದೇ ಇತ್ತು. ಇವತ್ತು ಕ್ಲಿಪ್ ಹಣ್ಣಿಗೆ, ಶೀಪ್ಸ್‌ಫುಟ್ ಪಾರ್ಸೆಲ್‌ಗೆ, ಸ್ಪೇ ಅಂಟು ಕೆರೆಯೋ ಕೊಳಕು ಕೆಲಸಕ್ಕೆ ಎಂದು ಹಂಚಿಕೊಂಡರೆ ಹಣ್ಣು ಹೆಚ್ಚುವ ಅಲಗು ಸದಾ ಸ್ವಚ್ಛ. ಕೇಸ್‌ನ ಮಧ್ಯಮ ಗಾತ್ರದ್ದು ಮಡಿಚಿದಾಗ ಸುಮಾರು 9.2 ಸೆಂ.ಮೀ., ತೂಕ 70 ಗ್ರಾಂ ಆಸುಪಾಸು. ತೊಂದರೆ ಏನೆಂದರೆ ಮೂರು ಅಲಗು ಇಕ್ಕಟ್ಟಿನಲ್ಲಿ ಒಂದರ ಪಕ್ಕ ಒಂದು ಮಲಗಲು ತುಸು ಸೊಟ್ಟ ಬಾಗಿಸಿರುತ್ತಾರೆ. ಆದರೂ ಪಕ್ಕದ ಅಲಗಿಗೆ ಉಜ್ಜಿ ಗೀರು ಬೀಳುತ್ತದೆ. ಅದನ್ನು ದೋಷ ಅನ್ನಬೇಡಿ, ಆ ಮಾದರಿಯ ಹಣೆಬರಹ.

ಒಂದೇ ಅಲಗು ಸಾಕೆನ್ನುವವರಿಗೆ ಒಂಟಿ ಅಲಗಿನ ಬಾರ್ಲೋ ಅಥವಾ ಸೋಡ್‌ಬಸ್ಟರ್ ಮಾದರಿ. ಒಳಗೆ ತೊಳೆಯೋದು ಸುಲಭ. ಮಳೆ ಊರಿಗೆ ಅದು ಸಣ್ಣ ವಿಷಯವಲ್ಲ.

ಅಗಸಿ_ಗಾಣ

ಒಪಿನೆಲ್ ಬಗ್ಗೆ ಹೇಳ್ತೀನ್ರಿ. 1890ರಾಗ ಫ್ರಾನ್ಸಿನ ಸವೊಯ್ ಸೀಮಿಯೊಳಗ ಜೋಸೆಫ್ ಒಪಿನೆಲ್ ಮಾಡಿದ್ದು, 1897ಕ್ಕ 1ರಿಂದ 12ರ ತನಕ ನಂಬರ್ ಬಂದ್ವು, ತಿರುಗೋ ಉಂಗುರ ಬಂದದ್ದು 1955ರಾಗ. ನಂ. 8ರ ಅಲಗು 8.5 ಸೆಂ.ಮೀ. ಕೊಯ್ಯೋದ್ರಾಗ ಇದರ ಮುಂದ ತುಟ್ಟಿ ಚಾಕೂನೂ ನಿಲ್ಲಂಗಿಲ್ಲ, ಯಾಕಂದ್ರ ಅಲಗು ಭಾಳ ತೆಳುವು.

ಖರೇ ತ್ರಾಸು ಮಳಿಗಾಲದಾಗ. ಹಿಡಿ ಬೀಚ್ ಕಟ್ಟಿಗಿದು. ಹಸಿ ಹತ್ತಿದ್ರ ಉಬ್ಬಿ ಸೀಳು ಸಣ್ಣದಾಗ್ತದ, ಅಲಗು ಹಿಡಕೊಂಡು ಬಿಡ್ತದ. ಉಗುರಿಲೆ ಎಳೀಬ್ಯಾಡ್ರಿ. ಉಂಗುರ ಬಿಚ್ಚಿದ ಸ್ಥಿತಿಗೆ ತಿರುಗಿಸಿ, ಹಿಡಿಯ ಹಿಂದಿನ ತುದೀನ ಮೇಜಿನ ಅಂಚಿಗೆ ಟಕ್ಕಂತ ಬಡೀರಿ, ಅಲಗು ತಾನ ಒಂದೀಟು ಮ್ಯಾಲೆ ಬರ್ತದ. ಸವೊಯ್ ಮಂದಿ ಹಿಂಗ ತೆರೀತಾರ.

ಕಾಯಂ ಪರಿಹಾರ ಬೇಕಂದ್ರ, ಮಳಿ ಬರೋಕಿಂತ ಮೊದಲ ಒಣ ಹವಾದಾಗ ಮಾಡ್ರಿ. 180 ನಂಬರಿನ ಉಜ್ಜುಕಾಗದ ಒಂದು ತೆಳು ಉಕ್ಕಿನ ಸ್ಕೇಲಿಗೆ ಸುತ್ತಿ ಸೀಳಿನ ಎರಡೂ ಒಳಗೋಡಿ ನಾಲ್ಕಾರು ಸಲ ಉಜ್ಜರಿ. ಜಾಸ್ತಿ ಬ್ಯಾಡ, ಬ್ಯಾಸಿಗಿಯೊಳಗ ಕಟ್ಟಿಗಿ ಕುಗ್ಗಿ ಅಲಗು ಲೊಡಲೊಡ ಅಂತದ. ಆಮ್ಯಾಲೆ ಅಗಸಿ ಎಣ್ಣಿ ಕಡ್ಡಿಗೆ ಅರಿವಿ ಸುತ್ತಿ ಸೀಳಿನ ಒಳಗ ಹಚ್ಚರಿ, ಅರ್ಧ ತಾಸು ಬಿಟ್ಟು ಹೆಚ್ಚಿಗಿ ಎಣ್ಣಿ ಒರಸ್ರಿ. ಹಸಿ ಎಣ್ಣಿ ಒಣಗಲಿಕ್ಕ ದಿನಗಟ್ಟಲೆ ಬೇಕು, ಒಣಗಿದ ಮ್ಯಾಲೆ ಇನ್ನೊಂದು ಕೈ, ಮತ್ತೊಂದು ಕೈ. ಕೊನೀಗೆ ಕೀಲಿನ ಸುತ್ತ ಒಂದೀಟು ವ್ಯಾಸಲೀನ್. ಅಗಸಿ ಎಣ್ಣಿ ಹತ್ತಿದ ಅರಿವಿ ಮುದ್ದಿ ಮಾಡಿ ಮೂಲ್ಯಾಗ ಒಗೀಬ್ಯಾಡ್ರಿ, ಒಣಗೋವಾಗ ಕಾವು ಏರಿ ತಾನ ಹೊತ್ತಿಕೊಳ್ತದ. ಬಿಚ್ಚಿ ಹರವಿ ಒಣಗಿಸಿ ಒಗೀರಿ.

ಎಣ್ಣಿ ನಮ್ಮ ಕಡೆ ಗಾಣದಾಗ ಸಿಗ್ತದ. ಅಂಗಡ್ಯಾಗಿನ 'ಬಾಯಿಲ್ಡ್' ಅನ್ನೋದರಾಗ ಲಗೂನ ಒಣಗಲಿ ಅಂತ ಲೋಹದ ಲವಣ ಹಾಕಿರ್ತಾರ, ಹಣ್ಣು ಹೆಚ್ಚೋ ಚಾಕೂಗೆ ಬ್ಯಾಡ.

ಕೆಂಪುತುಕ್ಕು

ಕಾರ್ಬನ್ ಉಕ್ಕಿನ ಪ್ರಶ್ನೆಗೆ: ತಡೆಯುತ್ತದೆ, ನೋಡಿಕೊಂಡರೆ. ಅಮೆರಿಕದ ಚಾಕು ಕಂಪನಿ ಗ್ರೇಟ್ ಈಸ್ಟರ್ನ್ ಕಟ್ಲರಿಯವರು ಹೆಚ್ಚಾಗಿ ಬಳಸೋ 1095 ಎಂಬ ಉಕ್ಕಿನಲ್ಲಿ ಇಂಗಾಲ ಶೇ. 0.95ರ ಸುಮಾರು, ಕ್ರೋಮಿಯಂ ಇಲ್ಲವೆಂದೇ ಲೆಕ್ಕ. ಕೇಸ್‌ನ 'ಸಿವಿ' ಉಕ್ಕಿನಲ್ಲಿ ಚೂರು ಕ್ರೋಮಿಯಂ, ವನೇಡಿಯಂ ಇದ್ದರೂ ತುಕ್ಕು ತಡೆಯುವಷ್ಟಲ್ಲ. ಅದೇ ಕೇಸ್‌ನ 'ಟ್ರೂ-ಶಾರ್ಪ್' ಸ್ಟೇನ್‌ಲೆಸ್.

ಎಲ್ಲರೂ ಅಲಗಿನ ಹೊಳಪಿನ ಮೇಲೆ ಕಣ್ಣಿಡುತ್ತಾರೆ. ತುಕ್ಕು ಶುರುವಾಗೋದು ಬೇರೆ ಕಡೆ: ಕೀಲಿನ ಒಳಗೆ, ಸ್ಪ್ರಿಂಗಿನ ಒಳಮೈಯಲ್ಲಿ, ಉಗುರು ಸಿಕ್ಕಿಸುವ ಗಚ್ಚಿನಲ್ಲಿ. ಪ್ಯಾಂಟಿನ ಜೇಬಿನಲ್ಲಿ ಬೆವರಿನ ಉಪ್ಪು, ಬಟ್ಟೆಯ ನಾರು ಸೇರಿ ಒಳಗೊಂದು ಒದ್ದೆ ಬತ್ತಿ ತಯಾರಾಗುತ್ತದೆ. ತೆರೆದು ಮುಚ್ಚುವಾಗ ಕೀಲಿನಿಂದ ಕೆಂಪು-ಕಂದು ನೀರು ಒಸರಿದರೆ ಒಳಗೆ ಕೆಲಸ ಶುರುವಾಗಿದೆ ಅಂತ. ವಾರಕ್ಕೊಮ್ಮೆ ಟೂತ್‌ಪಿಕ್‌ನಿಂದ ನಾರು ತೆಗೆದು, ಕೀಲಿಗೆ ಒಂದು ಹನಿ ಎಣ್ಣೆ ಬಿಟ್ಟು, ಹತ್ತಾರು ಸಲ ತೆರೆದು ಮುಚ್ಚಿ, ಹೊರಬಂದ ಕಪ್ಪು ಒರೆಸಿ. ಕಪ್ಪು ಬರುವುದು ನಿಲ್ಲುವವರೆಗೆ ಮಾಡಿ.

ಎಣ್ಣೆ ಯಾವುದು? ಮೆಡಿಕಲ್ ಶಾಪಿನ ಲಿಕ್ವಿಡ್ ಪ್ಯಾರಾಫಿನ್. ಬಣ್ಣವಿಲ್ಲ, ವಾಸನೆಯಿಲ್ಲ, ಹೊಟ್ಟೆಗೆ ಹೋದರೂ ತೊಂದರೆಯಿಲ್ಲ, ಅಂಟಾಗುವುದಿಲ್ಲ. ಕೊಬ್ಬರಿ ಎಣ್ಣೆ ಬೇಡ. 24 ಡಿಗ್ರಿಯ ಹತ್ತಿರ ಹೆಪ್ಪುಗಟ್ಟುತ್ತದೆ, ದಿನ ಕಳೆದಂತೆ ಕಮಟಾಗಿ ಕೀಲಿನಲ್ಲಿ ಜಿಗುಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಕೀಲಿಗೆ ಚೆನ್ನ, ಹಣ್ಣಿಗಲ್ಲ.

ಹೊಸಬ_ಶಿರಸಿ

ಮೊದಲೇ ಕಪ್ಪು ಮಾಡಿಕೊಂಡರೆ ತುಕ್ಕು ಬರಲ್ಲ ಅಂತಾರಲ್ಲ?

ಕೆಂಪುತುಕ್ಕು

ಬರುವುದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ವಿನೆಗರ್‌ನ ದಾರಿ: ಅಲಗನ್ನು ಸೋಪಿನಿಂದ ತೊಳೆದು ಸ್ಪಿರಿಟ್‌ನಿಂದ ಒರೆಸಿ. ಬೆರಳಿನ ಎಣ್ಣೆ ಎಲ್ಲಿ ಉಳಿಯುತ್ತದೋ ಅಲ್ಲಿ ಬಣ್ಣ ಕೂರುವುದಿಲ್ಲ, ಬೆರಳಚ್ಚು ಹಾಗೇ ಮೂಡುತ್ತದೆ. ಶೇ. 5ರ ಬಿಳಿ ವಿನೆಗರನ್ನು ಬೆಚ್ಚಗೆ ಮಾಡಿ ಎತ್ತರದ ಲೋಟಕ್ಕೆ ಹಾಕಿ, ಅಲಗು ಮಾತ್ರ ಮುಳುಗುವಂತೆ ನಿಲ್ಲಿಸಿ. ಟ್ಯಾಂಗ್ ಮುಳುಗಬಾರದು, ಹುಳಿ ಕೀಲಿಗೆ ಹೋದರೆ ಮಾಡಿದ್ದೆಲ್ಲ ಹಾಳು. ಹತ್ತು ನಿಮಿಷಕ್ಕೊಮ್ಮೆ ತೆಗೆದು ಮೇಲಿನ ಕಪ್ಪು ಮಸಿ ಒರೆಸಿ ಮತ್ತೆ ಇಳಿಸಿ. ಅರ್ಧ ಗಂಟೆಗೆ ಬೂದುಬಣ್ಣ ಬರುತ್ತದೆ. ಕೊನೆಗೆ ಅಡಿಗೆ ಸೋಡಾ ನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ. ಬಾಯಿಯ ಹರಿತ ಹೋಗಿರುತ್ತದೆ, ಮತ್ತೆ ಮಸೆಯಬೇಕು.

ನಮ್ಮ ಕಡೆ ಇಷ್ಟೆಲ್ಲ ಬೇಕಾಗಿಯೇ ಇಲ್ಲ. ನಾಲ್ಕು ಮಾವಿನಕಾಯಿ ಹೆಚ್ಚಿ ಹಾಗೇ ಬಿಟ್ಟರೆ ಅಲಗು ನೀಲಿ-ಬೂದು. ಬಾಳೆಕಾಯಿ ಸೋನೆ, ಹಸಿ ಅಡಕೆಯ ಒಗರು ತಾಗಿದರೆ ಇನ್ನೂ ಕಡುಕಪ್ಪು, ಯಾಕೆಂದರೆ ಒಗರಿನ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಶಾಯಿಯ ಬಣ್ಣ ಕೊಡುತ್ತದೆ. ಅದೇ ಕಾರಣಕ್ಕೆ ಹೊಸ ಕಾರ್ಬನ್ ಅಲಗಿನಲ್ಲಿ ಹೆಚ್ಚಿದ ಸೇಬಿಗೆ ಕಬ್ಬಿಣದ ರುಚಿ. ಅಲಗು ಪೂರ್ತಿ ಬೂದುಬಣ್ಣಕ್ಕೆ ತಿರುಗಿದ ಮೇಲೆ ಆ ರುಚಿ ಬಹುಮಟ್ಟಿಗೆ ಹೋಗುತ್ತದೆ. ಹಲಸಿನ ಮೇಣ ಅಂಟಿದರೆ ಮಾತ್ರ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಆಮೇಲೆ ಸೋಪು. ಆ ಎಣ್ಣೆ ಕೀಲಿಗೆ ಇಳಿಯದಿರಲಿ.

ಸಾಣೆಕಲ್ಲು

ಅಡಕೆ ಮಾತು ಬಂತಲ್ಲ, ಒಂದು ಎಚ್ಚರಿಕೆ. ಸ್ಲಿಪ್‌ಜಾಯಿಂಟ್‌ನಲ್ಲಿ ಬಲ ಹೋಗಬೇಕಾದ್ದು ಬಾಯಿಯ ದಿಕ್ಕಿಗೆ ಮಾತ್ರ, ಹಾಗೆ ಒತ್ತಿದಷ್ಟೂ ಅಲಗು ತೆರೆದೇ ಇರುತ್ತದೆ. ತಿವಿದರೆ, ಸಿಕ್ಕಿಕೊಂಡ ಅಲಗನ್ನು ಬೆನ್ನಿನ ಕಡೆಗೆ ಎಳೆದರೆ, ಬೆರಳಿನ ಮೇಲೆ ಮಡಿಚಿಕೊಳ್ಳುತ್ತದೆ. ಅಡಕೆ ಸುಲಿಯುವುದು, ಗೋಟಡಕೆ ಒಡೆಯುವುದು, ತೆಂಗಿನ ಸಿಪ್ಪೆ ಮೀಟುವುದು ಇದರ ಕೆಲಸವಲ್ಲ. ಅದಕ್ಕೆ ಮೆಟ್ಟುಗತ್ತಿ, ಅಡಕತ್ತರಿ ಇವೆ. ಮೀಟಿದರೆ ಮೊನೆ ಮುರಿಯುವುದರ ಜೊತೆಗೆ ಕೀಲಿನ ಮೊಳೆ ಬಾಗಿ ಅಲಗು ಕಾಯಂ ಓರೆಯಾಗುತ್ತದೆ.

ಕಸಿಗೂ ಈ ಚಾಕು ಬೇಡ. ಕಸಿಗತ್ತಿಯ ಬಾಯಿಗೆ ಒಂದೇ ಕಡೆ ಇಳಿಜಾರು, ಇನ್ನೊಂದು ಕಡೆ ಚಪ್ಪಟೆ. ಅದರಿಂದಲೇ ಕೊಯ್ದ ಮೈ ಸಪಾಟಾಗಿ ಬಂದು ಎರಡು ಕಡ್ಡಿಗಳ ಹಸಿರುಪೊರೆ ಕೂಡಿಕೊಳ್ಳುವುದು. ಎರಡೂ ಕಡೆ ಇಳಿಜಾರಿನ ಜೇಬುಚಾಕು ಕಡ್ಡಿಯೊಳಗೆ ತುಸು ಡೊಂಕಾಗಿ ಸಾಗುತ್ತದೆ, ನಡುವೆ ಸಂದಿ ಉಳಿಯುತ್ತದೆ. ವಿಕ್ಟೋರಿನಾಕ್ಸ್‌ನವರದೇ ಮಡಿಚುವ ಕಸಿಗತ್ತಿ ಬೇರೆ ಸಿಗುತ್ತದೆ. ಗಿಡದಿಂದ ಗಿಡಕ್ಕೆ ಹೋಗುವಾಗ ಅಲಗನ್ನು ಸ್ಪಿರಿಟ್‌ನಿಂದ ಒರೆಸಬೇಕು, ಅದನ್ನೇ ಹಣ್ಣಿಗೆ ಬಳಸಬಾರದು.

ಥೇಮ್ಸ್_ದಂಡೆ

ಕಾನೂನು ಯಾರೂ ಹೇಳಿಲ್ಲ. ಭಾರತದಲ್ಲಿ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಗೆ ಬರುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗು, ಅದರಲ್ಲೂ ಮನೆ, ಕೃಷಿ, ಕೈಗಾರಿಕೆ ಬಳಕೆಗೆ ಮಾಡಿದ್ದಕ್ಕೆ ವಿನಾಯಿತಿ. ಮೂರಿಂಚಿನ ಹಣ್ಣಿನ ಚಾಕು ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ವಿಮಾನದ ಕ್ಯಾಬಿನ್‌ಗೆ ಬಿಡುವುದಿಲ್ಲ, ಚೆಕ್-ಇನ್ ಬ್ಯಾಗಿಗೆ ಹಾಕಿ. ನಮ್ಮ ಮೆಟ್ರೋದಲ್ಲಿ ಸ್ಕ್ಯಾನರ್ ಹಿಡಿದರೆ ವಾದ ಮಾಡಿ ಫಲವಿಲ್ಲ. ಚುನಾವಣೆ, ಗಲಭೆ ಸಮಯದಲ್ಲಿ ನಿಷೇಧಾಜ್ಞೆ ಹೊರಡಿಸಿದಾಗ ಆಯುಧ ಒಯ್ಯಬಾರದೆಂಬ ಷರತ್ತು ಸಾಮಾನ್ಯ. ಆ ದಿನಗಳಲ್ಲಿ ಚಾಕು ಮನೆಯಲ್ಲಿರಲಿ.

ಬ್ರಿಟನ್‌ನಲ್ಲಿರುವ ಕನ್ನಡಿಗರಿಗೆ: 1988ರ ಕ್ರಿಮಿನಲ್ ಜಸ್ಟಿಸ್ ಆಕ್ಟ್‌ನ 139ನೇ ಸೆಕ್ಷನ್ ಪ್ರಕಾರ ಬಾಯಿ 3 ಇಂಚು ಮೀರದ, ಲಾಕ್ ಇಲ್ಲದ ಮಡಿಚುಚಾಕು ಒಯ್ಯಲು ಕಾರಣ ಕೊಡಬೇಕಾಗಿಲ್ಲ. ಲಾಕ್ ಆಗುವಂಥದ್ದಕ್ಕೆ ಈ ವಿನಾಯಿತಿ ಇಲ್ಲ. ಹಾಗಾಗಿ ಉಂಗುರ ಇರುವ ಒಪಿನೆಲ್ ನಂ. 8 ಅಲ್ಲಿ ಜೇಬಿಗೆ ಬೇಡ. ಅದರ ಅಲಗೂ ಉದ್ದ ಹೆಚ್ಚು. ಸ್ಟಾಕ್‌ಮನ್ ಸರಿ. ಶಾಲೆಯ ಆವರಣಕ್ಕೆ, ಕೋರ್ಟಿಗೆ ಯಾವುದೂ ಬೇಡ. ಹಳೇ ಮಾದರಿಗಳು ಅಲ್ಲಿ ಇನ್ನೂ ಚಲಾವಣೆಯಲ್ಲಿರಲು ಈ ಕಾನೂನೂ ಒಂದು ಕಾರಣ.

ಕಡವೆಕೊಂಬು_ಬೇಡ

ಸಂಗ್ರಹದ ಆಸೆ ಇದೆ ಅಂದಿರಿ. ಮೊದಲ ಪಾಠ ಹಿಡಿಯ ವಸ್ತುವಿನದು.

'ಸ್ಟ್ಯಾಗ್' ಎಂದು ಬರೆದಿರುವ ಹಳೇ ಶೆಫೀಲ್ಡ್ (ಚಾಕುಗಳಿಗೆ ಹೆಸರಾದ ಇಂಗ್ಲೆಂಡಿನ ಊರು), ಅಮೆರಿಕನ್ ಚಾಕುಗಳ ಹಿಡಿ ಬಹುಪಾಲು ನಮ್ಮ ಕಡವೆಯ ಕೊಂಬು. ಜಿಂಕೆ ಜಾತಿಗಳಲ್ಲೇ ಅದರ ಕೊಂಬು ಗಟ್ಟಿ, ಒಳಗಿನ ಮೃದು ತಿರುಳು ಕಡಿಮೆ, ಹಾಗಾಗಿ ತೆಳುವಾಗಿ ಸೀಳಿದರೂ ಒಡೆಯುವುದಿಲ್ಲ. ಇಲ್ಲಿಂದ ಹಡಗುಗಟ್ಟಲೆ ಹೋಗುತ್ತಿತ್ತು. ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ವ್ಯಾಪಾರ ಅಪರಾಧ. ಕಾಡಿನಲ್ಲಿ ತಾನಾಗಿ ಬಿದ್ದ ಕೊಂಬನ್ನು ಎತ್ತಿಕೊಂಡು ಬಂದು ಮಾರುವುದೂ ಅಷ್ಟೇ. ದಂತದ ಹಿಡಿಯದ್ದಂತೂ ಕೇಳಲೇಬೇಡಿ. ವಿದೇಶದ ಅಂಗಡಿಯವನು 'ಹಳೇ ದಾಸ್ತಾನು' ಎಂದು ಹೇಳಿದ್ದು ಇಲ್ಲಿನ ಕಸ್ಟಮ್ಸ್‌ನಲ್ಲಿ ನಿಮ್ಮನ್ನು ಉಳಿಸುವುದಿಲ್ಲ.

'ಜಿಗ್ಡ್ ಬೋನ್' ಬೇರೆ. ಅದು ದನದ ಕಾಲಿನ ಎಲುಬನ್ನು ಕೊರೆದು ಕೊಂಬಿನಂತೆ ಕಾಣಿಸುವುದು. ಎಲುಬು ಮನೆಗೆ ಬೇಡ, ಹಣ್ಣು-ಕಾಯಿಗೆ ತಾಗಿಸಬಾರದು ಅನ್ನುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವರಿಗೆ ಮೈಕಾರ್ಟಾ, ಮರ ಅಥವಾ ಆಲಾಕ್ಸ್. ಮೈಕಾರ್ಟಾ ಅಂದರೆ ಬಟ್ಟೆ ಅಥವಾ ಕಾಗದದ ಪದರಗಳನ್ನು ರಾಳದಲ್ಲಿ ಅದ್ದಿ ಒತ್ತಿದ್ದು. ನಮ್ಮ ಹವೆಗೆ ಇದಕ್ಕಿಂತ ಒಳ್ಳೆಯ ಹಿಡಿ ಇಲ್ಲ ಎಂಬುದು ನನ್ನ ಅಭಿಪ್ರಾಯ. ಎಲುಬಿನ ಹಿಡಿ ಬಿಸಿನೀರಿಗೆ ಬಿದ್ದರೆ, ಹೇರ್ ಡ್ರೈಯರ್‌ಗೆ ಹಿಡಿದರೆ, ಮೊಳೆಯ ಸುತ್ತ ಸೀಳುತ್ತದೆ.

ಇನ್ನು ಸೆಲ್ಯುಲಾಯ್ಡ್. 20ನೇ ಶತಮಾನದ ಮೊದಲರ್ಧದ ಚಾಕುಗಳಲ್ಲಿ ಮುತ್ತಿನ ಹೊಳಪಿನ, ಆಮೆಚಿಪ್ಪಿನ ಬಣ್ಣದ ಚಂದದ ಹಿಡಿಗಳು ಇದರವೇ. ಇದು ಸಾರಜನಕದ ಆಮ್ಲದಿಂದ ಮಾಡಿದ ವಸ್ತು, ವಯಸ್ಸಾದಂತೆ ಒಡೆದು ಆಮ್ಲದ ಹಬೆ ಬಿಡುತ್ತದೆ. ಲಕ್ಷಣಗಳು: ಕರ್ಪೂರದ ವಾಸನೆ ಹೋಗಿ ಮೂಗಿಗೆ ಹೊಡೆಯುವ ಹುಳಿ ವಾಸನೆ, ಹಿತ್ತಾಳೆ ಲೈನರ್ ಮೇಲೆ ನೀಲಿ-ಹಸಿರು ಕಿಲುಬು, ಹಿಡಿಗೆ ಹತ್ತಿರದ ಅಲಗಿನ ಭಾಗದಲ್ಲಷ್ಟೇ ತುಕ್ಕು. ಒಂದೇ ಡಬ್ಬಿಯಲ್ಲಿಟ್ಟ ಪಕ್ಕದ ಒಳ್ಳೆಯ ಚಾಕುಗಳನ್ನೂ ತಿನ್ನುತ್ತದೆ. ಇದಕ್ಕೆ ಔಷಧಿ ಇಲ್ಲ. ಬೇರೆ ಇಡಿ, ಗಾಳಿಯಾಡುವಂತೆ ಇಡಿ, ಬೆಂಕಿಯಿಂದ ದೂರ ಇಡಿ, ಬೇಗ ಹೊತ್ತಿಕೊಳ್ಳುವ ಸ್ವಭಾವ ಅದಕ್ಕಿದೆ.

ಉಳಿದವನ್ನೂ ಚರ್ಮದ ಚೀಲದಲ್ಲಿ ದೀರ್ಘಕಾಲ ಇಡಬೇಡಿ. ಚರ್ಮ ತೇವ ಹಿಡಿಯುತ್ತದೆ, ಹದಗೊಳಿಸಿದಾಗಿನ ಆಮ್ಲ-ಲವಣ ಅದರಲ್ಲಿ ಉಳಿದಿರುತ್ತದೆ. ಒಯ್ಯಲು ಚರ್ಮ ಸರಿ, ಇಡಲು ಮುಚ್ಚಳದ ಡಬ್ಬಿ ಮತ್ತು ಸಿಲಿಕಾ ಜೆಲ್. ಬಣ್ಣ ಬದಲಾಯಿಸುವ ಜೆಲ್ ತಂದರೆ ಯಾವಾಗ ಬಿಸಿಮಾಡಿ ಒಣಗಿಸಬೇಕೆಂದು ಗೊತ್ತಾಗುತ್ತದೆ.

ಮೂರಲಗು

ಮುದ್ರೆ ಓದುವುದು ಸೇರಿಸುತ್ತೇನೆ. ಕೇಸ್‌ನಲ್ಲಿ ಇದು ಸಲೀಸು, ಆದ್ದರಿಂದಲೇ ಸಂಗ್ರಹ ಶುರುಮಾಡಲು ಅನುಕೂಲ. ಮಾದರಿ ಸಂಖ್ಯೆ 6318 ಅಂದರೆ 6 ಹಿಡಿಯ ವಸ್ತು, ಇಲ್ಲಿ ಕೊರೆದ ಎಲುಬು. 3 ಅಲಗುಗಳ ಎಣಿಕೆ. 18 ಚೌಕಟ್ಟಿನ ಮಾದರಿ. ವರ್ಷಕ್ಕೆ: 1970ರಲ್ಲಿ ಟ್ಯಾಂಗ್ ಮುದ್ರೆಯ ಕೆಳಗೆ 10 ಚುಕ್ಕಿ ಹಾಕಿದರು, ವರ್ಷಕ್ಕೊಂದರಂತೆ ತೆಗೆಯುತ್ತಾ ಬಂದರು. ಅಂದರೆ 7 ಚುಕ್ಕಿ ಇದ್ದರೆ 1973, ಒಂದೇ ಇದ್ದರೆ 1979. 1980ರಲ್ಲಿ ಮತ್ತೆ 10ರಿಂದ ಶುರು, ಆದರೆ ಈ ಸಲ ಹೆಸರಿನಲ್ಲಿ 'ಎಸ್' ಅಕ್ಷರ ಮಿಂಚಿನಂತೆ ಚೂಪು. ಅದನ್ನು ಗಮನಿಸದಿದ್ದರೆ ಹತ್ತು ವರ್ಷ ತಪ್ಪುತ್ತದೆ. ಚುಕ್ಕಿಯೇ ಇಲ್ಲದೆ ಎರಡು ಎಕ್ಸ್ ಜೊತೆ 'ಯುಎಸ್‌ಎ' ಇದ್ದರೆ 1965ರಿಂದ 69ರೊಳಗಿನದು.

ಶೆಫೀಲ್ಡ್‌ನ ಜೋಸೆಫ್ ರಾಜರ್ಸ್ ಚಾಕುಗಳು ಭಾರತಕ್ಕೂ ಸಾಕಷ್ಟು ಬಂದಿವೆ, ಹಳೇ ಮನೆಗಳಲ್ಲಿ ಈಗಲೂ ಸಿಕ್ಕಾವು. ಗುರುತು ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆ. ಕಿರೀಟದ ಎರಡೂ ಪಕ್ಕ 'ವಿ', 'ಆರ್' ಇದ್ದರೆ ವಿಕ್ಟೋರಿಯಾ ಕಾಲ, ಅಂದರೆ 1901ಕ್ಕೆ ಮೊದಲು. ರಾಜರ್ಸ್ ಅನ್ನೋ ಹೆಸರನ್ನು ಅಕ್ಷರ ಏರುಪೇರು ಮಾಡಿ ನಕಲು ಹೊಡೆದವರು ಆಗಲೂ ಇದ್ದರು. ಹೆಸರಿಗಿಂತ ಗುರುತನ್ನು ನೋಡಿ. ಲಾಗಿಯೋಲ್ ಎಂಬ ಮಡಿಚುಚಾಕುಗಳ ವಿಷಯದಲ್ಲಿ ಇನ್ನೂ ಎಚ್ಚರ. ಅದು ಫ್ರಾನ್ಸಿನ ಒಂದು ಹಳ್ಳಿಯ ಹೆಸರು, ಕಂಪನಿಯದ್ದಲ್ಲ. ಜೇನುನೊಣದ ಚಿತ್ರ ಇದ್ದ ಮಾತ್ರಕ್ಕೆ ಅದು ಫ್ರಾನ್ಸಿನದೇ ಎನ್ನುವಂತಿಲ್ಲ.

ಹಳೇ ಚಾಕುವಿನ ಬೆಲೆ ಇಳಿಸುವ ದೊಡ್ಡ ಶತ್ರು ಪಾಲಿಶ್. ಚಕ್ರಕ್ಕೆ ಹಿಡಿದು ಹೊಳಪಿಸಿದ ಅಲಗಿನಲ್ಲಿ ಮುದ್ರೆಯ ಅಂಚು ಕರಗಿರುತ್ತದೆ, ಉಗುರುಗಚ್ಚಿನ ಅಂಚು ದುಂಡಾಗಿರುತ್ತದೆ. ಅಂಥದ್ದು ಬಳಸಲು ಸರಿ, ಸಂಗ್ರಹದ ಬೆಲೆ ಕೊಡಬೇಡಿ. ಸ್ಪ್ರಿಂಗ್ ಸಡಿಲ ಅನ್ನಿಸಿದರೆ ತಕ್ಷಣ ತೀರ್ಮಾನ ಬೇಡ: ಗಟ್ಟಿಯಾದ ಹಳೇ ಎಣ್ಣೆ ಕೀಲನ್ನು ಹಿಡಿದಿದ್ದರೂ ಅಲಗು ಸೋಮಾರಿಯಂತೆ ಮುಚ್ಚುತ್ತದೆ. ಡಬ್ಲ್ಯುಡಿ-40 ಬಿಟ್ಟು ಒಂದು ರಾತ್ರಿ ಇಟ್ಟು, ತೆರೆದು ಮುಚ್ಚಿ, ಒರೆಸಿ ನೋಡಿ. ತೊಳೆಯಲು ಅದು ಒಳ್ಳೆಯದು, ಆಮೇಲೆ ಬೇರೆ ಎಣ್ಣೆ ಹಾಕಲೇಬೇಕು.

ಕೆಂಪುತುಕ್ಕು

ಹಿತ್ತಾಳೆ ಲೈನರ್ ಮಂಕಾಗಿದೆ ಎಂದು ಯಾರೂ ದೇವರ ದೀಪಕ್ಕೆ ಹಚ್ಚಿದಂತೆ ಹುಣಸೆಹಣ್ಣು ಹಚ್ಚಬೇಡಿ. ಹಿತ್ತಾಳೆ ಹೊಳೆಯುತ್ತದೆ, ಅದಕ್ಕೆ ಅಂಟಿಕೊಂಡೇ ಇರುವ ಉಕ್ಕಿನ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ.

ಹೊಸಬ_ಶಿರಸಿ

ಹರಿತ ಮಾಡಲು ಬೀದಿಯಲ್ಲಿ ಬರೋ ಸಾಣೆಯವರಿಗೆ ಕೊಡಬಹುದಾ? ಇನ್ನೊಂದು, ಈಗ ಮನೆಯಲ್ಲಿರುವ ಒಂದು ಮಡಿಚುಚಾಕುವಿನ ಬಾಯಿಯಲ್ಲಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಮೊಂಡು ಚುಕ್ಕಿ ಬೀಳುತ್ತೆ. ಎಷ್ಟು ಮಸೆದರೂ ಎರಡೇ ದಿನ.

ಸಾಣೆಕಲ್ಲು

ಸಾಣೆಯವರಿಗೆ ಅಡುಗೆಮನೆಯ ಈಳಿಗೆ ಕೊಡಿ, ಇದನ್ನಲ್ಲ. ಒಣ ಚಕ್ರದಲ್ಲಿ ತೆಳು ಅಲಗು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕಾಯುತ್ತದೆ. ಬಾಯಿಯಂಚು ನೀಲಿಯಾಯಿತೆಂದರೆ 300 ಡಿಗ್ರಿ ಹತ್ತಿರ ಹೋಗಿದೆ, ಆ ಭಾಗದ ಹದ ಹೋಯಿತು. ಆ ನೀಲಿಯನ್ನು ಉಜ್ಜಿ ತೆಗೆದರೆ ಬಣ್ಣ ಹೋಗುತ್ತದೆ, ಹದ ಬರುವುದಿಲ್ಲ.

1000 ನಂಬರಿನ ನೀರುಕಲ್ಲು ಸಾಕು. ಪ್ರತಿ ಕಡೆಗೆ 15ರಿಂದ 20 ಡಿಗ್ರಿ. ಒಂದು ಕಡೆ ಬುಡದಿಂದ ಮೊನೆಯವರೆಗೆ ಮಸೆದು, ಇನ್ನೊಂದು ಕಡೆಯಲ್ಲಿ ಬೆರಳಿಗೆ ಸಣ್ಣ ಮುಳ್ಳಂಚು ಉದ್ದಕ್ಕೂ ಸಿಕ್ಕ ಮೇಲಷ್ಟೇ ತಿರುಗಿಸಿ. ಆಮೇಲೆ ಒತ್ತಡ ಕಡಿಮೆ ಮಾಡುತ್ತಾ ಆಕಡೆ ಈಕಡೆ, ಕೊನೆಗೆ ಹಳೇ ಬೆಲ್ಟಿನ ಒರಟು ಮೈಗೆ ಬಾಯಿ ಹಿಂದಾಗಿ ಎಳೆಯಿರಿ. ಬುಡದ ಹತ್ತಿರ ಕಲ್ಲಿನ ಅಂಚು ಕಿಕ್‌ಗೆ ತಾಗದಂತೆ ನೋಡಿಕೊಳ್ಳಿ, ಕಿಕ್ ಸವೆದರೆ ಅಲಗು ಇನ್ನಷ್ಟು ಒಳಗಿಳಿಯುತ್ತದೆ. ಕಲ್ಲಿಲ್ಲದಿದ್ದರೆ ಪಿಂಗಾಣಿ ಕಪ್ಪಿನ ತಳದ ಒರಟು ಬಳೆಯೂ ತುರ್ತಿಗೆ ಆದೀತು.

ನಿಮ್ಮ ಮೊಂಡು ಚುಕ್ಕಿಗೆ ಕಾರಣ ಬಾಯಿ ಒಳಗಿನ ಸ್ಪ್ರಿಂಗಿಗೆ ಬಡಿಯುತ್ತಿರುವುದು. ಖಾತ್ರಿ ಮಾಡಿಕೊಳ್ಳಲು ಬಾಯಿಗೆ ಮಾರ್ಕರ್ ಪೆನ್ನಿನ ಶಾಯಿ ಹಚ್ಚಿ, ಒಣಗಿಸಿ, ಮೊದಲು ಬೆರಳಲ್ಲಿ ಹಿಡಿದು ಮೆತ್ತಗೆ ಮುಚ್ಚಿ ತೆರೆಯಿರಿ. ಶಾಯಿ ಅಳಿಸಿದ್ದರೆ ಅಲಗು ಮಡಿಚಿದ ಸ್ಥಿತಿಯಲ್ಲೇ ಸ್ಪ್ರಿಂಗಿನ ಮೇಲೆ ಕೂತಿದೆ. ಅಳಿಸಿಲ್ಲವಾದರೆ ಈ ಸಲ ಫಟ್ಟನೆ ಮುಚ್ಚಲು ಬಿಡಿ. ಈಗ ಅಳಿಸಿದರೆ ಮುಚ್ಚುವ ರಭಸಕ್ಕೆ ಮಾತ್ರ ತಾಗುತ್ತಿದೆ, ಕೈಹಿಡಿದು ಮುಚ್ಚುವ ಅಭ್ಯಾಸವೇ ಪರಿಹಾರ.

ಮೊದಲನೆಯದಾಗಿದ್ದರೆ ತೆಳು ಚರ್ಮದ ಒಂದು ಚೂರನ್ನು ಆ ಜಾಗದಲ್ಲಿ ಒಳಗೆ ಅಂಟಿಸುವುದು ಕೆಲವರ ಉಪಾಯ. ನಡೆಯುತ್ತದೆ, ಆದರೆ ಮಳೆಗಾಲದಲ್ಲಿ ಅದೇ ತೇವ ಹಿಡಿಯುತ್ತದೆ. ಅದಕ್ಕಿಂತ, ತಾಗುವ ಜಾಗ ಮೊನೆಯ ಹತ್ತಿರವಿದ್ದರೆ ಬಾಯಿಯ ಆ ಭಾಗವನ್ನೇ ಕಲ್ಲಿನಲ್ಲಿ ಒಂದಿಷ್ಟು ಇಳಿಸಿ ಹೊಸ ಬಾಯಿ ತೆಗೆಯಿರಿ. ಹೊಟ್ಟೆಯ ನಡುವೆ ಇದ್ದರೆ ಇಡೀ ಬಾಯಿಯನ್ನು ಸಮವಾಗಿ ಇಳಿಸಬೇಕು, ಅಲ್ಲಷ್ಟೇ ತೆಗೆದರೆ ತಗ್ಗು ಬೀಳುತ್ತದೆ.

ಕಿಕ್‌ಗೆ ಅರ ಹಾಕಬೇಡಿ. ಅದನ್ನು ಮಾಡುವುದು ಇದಕ್ಕೆ ತದ್ವಿರುದ್ಧ ತೊಂದರೆಗೆ: ಮಡಿಚಿದಾಗ ಮೊನೆ ಲೈನರ್‌ಗಿಂತ ಮೇಲೆ ಎದ್ದು ಜೇಬು ಹರಿಯುತ್ತಿದ್ದರೆ, ಕಿಕ್‌ಅನ್ನು ಸಣ್ಣ ಅರದಲ್ಲಿ ಎರಡು ಸಲ ಎಳೆದು, ಮುಚ್ಚಿ ನೋಡಿ, ಬೇಕಾದರೆ ಮತ್ತೆರಡು ಸಲ. ಅಷ್ಟರಲ್ಲೇ ಮೊನೆ ಒಳಗಿಳಿದಿರುತ್ತದೆ.

ಹೊಸಬ_ಶಿರಸಿ

ಮೆತ್ತಗೆ ಮುಚ್ಚಿದಾಗಲೇ ಅಳಿಸಿತು, ಮೊನೆಯಿಂದ ಒಂದು ಸೆಂ.ಮೀ. ಒಳಗೆ. ಅಲ್ಲೇ ಇಳಿಸುತ್ತೇನೆ. ಹಾಗಾದರೆ ಹೊಸದು ಯಾವುದು ತರಲಿ?

ಮೂರಲಗು

ಆಲಾಕ್ಸ್ ಕೆಡೆಟ್. 84 ಮಿ.ಮೀ., ಸ್ಟೇನ್‌ಲೆಸ್, ಹಿಡಿ ಅಲ್ಯೂಮಿನಿಯಂ, ಎಲುಬಿಲ್ಲ, ನೀರಿಗೆ ಬಿದ್ದರೂ ಉಬ್ಬುವುದಿಲ್ಲ. ಉಕ್ಕು ಮೆದು, 56 ರಾಕ್‌ವೆಲ್ (ಗಡಸುತನದ ಅಳತೆ) ಸುಮಾರು, ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಮಸೆಯಲೂ ಬರುತ್ತದೆ. ಪಂಚೆ ಉಡುವ ದಿನ ಅಂಗಿಜೇಬಿಗೂ ಭಾರವಲ್ಲ.

ಅಗಸಿ_ಗಾಣ

ಅದರ ಜೋಡಿ ಒಂದು ಕಾರ್ಬನ್ ಒಪಿನೆಲ್ ಮನ್ಯಾಗ ಇರಲಿ, ಮಾವಿನಕಾಯಿಗೆ. ಉಜ್ಜುಕಾಗದ ಮೇ ತಿಂಗಳೊಳಗ ಹಿಡೀರಿ, ಮಳಿ ಹತ್ತಿದ ಮ್ಯಾಲೆ ಉಜ್ಜಿದ್ರ ಅಂದಾಜು ತಪ್ತದ.